ಮೋತಿಯ ಸಂದುನೋವು ಮತ್ತು ನೇರಳೆ ಬೀಜ

ನೇರಳೆ ಹಣ್ಣು ಉದುರುವ ಕಾಲದಲ್ಲಿ ನಾನು ಈಗಲೂ ಅಂಗಳದಲ್ಲಿ ತಲೆ ತಗ್ಗಿಸಿಕೊಂಡೇ ನಡೆಯುತ್ತೇನೆ. ಹೊಸದಾಗಿ ಮನೆಗೆ ಬಂದವರು ಇವಳು ಏನೋ ಕಳೆದುಕೊಂಡು ಹುಡುಕುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ನಾನು ಹುಡುಕುವುದು ಒಂದು ಬುಧವಾರದ ಬೆಳಗನ್ನು. ಅವತ್ತು ಒಂದೇ ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ವಯಸ್ಸಾದ ನಾಯಿ ಕುಂಟುವುದನ್ನು ನೋಡಲಾರದೆ ಒದ್ದಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮಗೆ ಹೀಗಾದಾಗ, ನಿಮ್ಮಲ್ಲೂ ಹೀಗೆ ಆಗಿತ್ತೇ ಎಂದು ಕೇಳಲು ಒಬ್ಬರೂ ಸಿಕ್ಕಿರಲಿಲ್ಲ. ನಾಯಿಗೆ ಸಂದುನೋವು ಎಂದರೆ ನಗುವವರೇ ಹೆಚ್ಚು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹೊನ್ನಾವರದಲ್ಲಿ ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ನಮ್ಮ ಮನೆ. ಮನೆಯಲ್ಲಿ ಆಯಿ, ಅಂದರೆ ನನ್ನ ಅಮ್ಮ, ನಾನು, ಮೋತಿ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಭಟ್ಕಳದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ದಿನವೂ ಬೆಳಿಗ್ಗೆ ಶರಾವತಿ ಸೇತುವೆ ದಾಟಿ ಹೋಗುವುದು, ಸಂಜೆ ಅದೇ ಸೇತುವೆ ದಾಟಿ ಬರುವುದು. ಬಸ್ಸಿಳಿದು ಓಣಿಯ ತಿರುವಿಗೆ ಬಂದರೆ ಮೋತಿ ನಿಂತಿರುತ್ತಿತ್ತು. ಕಂದು ಬಣ್ಣದ ಊರು ನಾಯಿ, ಒಂದು ಕಿವಿ ನಿಂತದ್ದು, ಇನ್ನೊಂದು ಬಿದ್ದದ್ದು. ಆಗ ಅದಕ್ಕೆ ಹತ್ತು ವರ್ಷ.

ಮೋತಿ ನಮ್ಮ ನಾಯಿ ಎಂದು ನಾವು ಹೇಳುತ್ತಿದ್ದೆವು. ಪಾಗಾರದ, ಅಂದರೆ ಕಾಂಪೌಂಡ್ ಗೋಡೆಯ, ಆಚೆ ಮನೆಯ ದೇವಕಿಯೂ ಅದನ್ನೇ ಹೇಳುತ್ತಿದ್ದಳು. ಅವಳು ಮೀನು ಮಾರುವವಳು. ಬುಟ್ಟಿ ಹೊತ್ತು ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದರೆ ಮೋತಿ ಪಾಗಾರದ ಮುರಿದ ಜಾಗದಲ್ಲಿ ನುಸುಳಿ ಅವಳ ಹೊಸ್ತಿಲಲ್ಲಿ ಹಾಜರು. "ಸಾವ್ಕಾರ್ರು ಬಂದ್ರು, ತಾಟು ತನ್ನಿ" ಎಂದು ಅವಳು ಕೂಗುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅವಳ ಮನೆಯಲ್ಲಿ ಅದರ ಹೆಸರೇ ಸಾವ್ಕಾರ.

ನಮ್ಮದು ಮೀನು ಮುಟ್ಟದ ಮನೆ. ಮೋತಿ ಮರಿಯಾಗಿದ್ದಾಗ ಆಯಿ ಒಮ್ಮೆ ಪಾಗಾರದ ಹತ್ತಿರ ನಿಂತು, "ದೇವಕಿ, ನಮ್ಮ ನಾಯಿಗೆ ಮೀನು ಹಾಕಬೇಡ ಮಾರಾಯ್ತಿ, ಆಮೇಲೆ ನಮ್ಮ ಅನ್ನ ಮೂಸೂದಿಲ್ಲ ಅದು" ಅಂದಿದ್ದರು. "ಹಾಕೂದಿಲ್ಲ ಅಮ್ಮ" ಎಂದಿದ್ದಳು ದೇವಕಿ. ಮರುದಿನದಿಂದಲೇ ಹಾಕುತ್ತಿದ್ದಳು. ಅದು ಆಯಿಗೆ ಗೊತ್ತಿತ್ತು. ಆಯಿಗೆ ಗೊತ್ತು ಎನ್ನುವುದು ದೇವಕಿಗೂ ಗೊತ್ತಿತ್ತು. ಮಧ್ಯಾಹ್ನ ತಿರುಗಿ ಬಂದ ಮೋತಿಯ ಬಾಯಿ ಬಂಗಡೆ ನಾರುತ್ತಿದ್ದರೆ ಆಯಿ ಮುಖ ಆಚೆ ತಿರುಗಿಸಿ, "ಎಲ್ಲೋ ಸಮುದ್ರದ ಬದಿಗೆ ಹೋಗಿ ಬೈಂದು" ಎನ್ನುತ್ತಿದ್ದರು. ಹತ್ತು ವರ್ಷ ಹೀಗೇ ನಡೆಯಿತು. ಎರಡು ಮನೆಯವರು ಪಾಗಾರದ ಮೇಲೆ ಮಳೆ, ಮದುವೆ, ಮಂಡಿನೋವು, ಎಲ್ಲವನ್ನೂ ಮಾತಾಡುತ್ತಿದ್ದರು. ಮೋತಿ ಏನು ತಿಂದಿತು ಎಂಬ ಮಾತು ಮಾತ್ರ ಎಂದೂ ಬರುತ್ತಿರಲಿಲ್ಲ. ನನಗೆ ಇದು ಬಲು ತಮಾಷೆಯಾಗಿ ಕಾಣುತ್ತಿತ್ತು. ಭಟ್ಕಳದಲ್ಲಿ ಸಹೋದ್ಯೋಗಿಗಳಿಗೆ ಹೇಳಿ ನಗಿಸಿದ್ದೂ ಇದೆ.

ಆ ವರ್ಷ ಮೇ ಕೊನೆಯಲ್ಲಿ ಮೋತಿ ಬೆಳಿಗ್ಗೆ ಏಳುವುದಕ್ಕೆ ತಡವಾಗತೊಡಗಿತು. ಮುಂಗಾಲು ಮೊದಲು ಚಾಚುತ್ತದೆ, ಹಿಂದಿನದು ಬರುವುದಿಲ್ಲ. ಅರ್ಧ ಎದ್ದು ಹಾಗೇ ಕುಳಿತು, ಯಾರಾದರೂ ನೋಡಿದರೋ ಎಂಬಂತೆ ಸುತ್ತ ನೋಡುತ್ತದೆ. ಅಳುವುದಿಲ್ಲ, ಕುಂಯ್ ಅನ್ನುವುದೂ ಇಲ್ಲ. ನನಗೆ ಕುತೂಹಲ ಹುಟ್ಟಿದ್ದು ಅಲ್ಲಿಂದ. ಇದಕ್ಕೆ ನೋವಿದೆಯೇ? ಇದ್ದರೆ ಎಲ್ಲಿ? ತಾನು ನೋಯುತ್ತಿದ್ದೇನೆ ಎಂದು ನಾಯಿ ಯಾವುದರಿಂದ ಹೇಳುತ್ತದೆ? ನೋಡುತ್ತ ಹೋದಂತೆ ಗೊತ್ತಾಯಿತು. ತಿರುವಿನವರೆಗೆ ಬರುತ್ತಿದ್ದದ್ದು ಗೇಟಿನವರೆಗೆ ಬರುತ್ತಿತ್ತು. ಆಮೇಲೆ ಗೇಟಿಗೂ ಬರದೆ ಮೆಟ್ಟಿಲ ಮೇಲಿಂದಲೇ ಬಾಲ ಆಡಿಸಿತು. ಸೊಂಟ ಮುಟ್ಟಿದರೆ ಕಚ್ಚುತ್ತಿರಲಿಲ್ಲ, ನನ್ನ ಕೈಯನ್ನು ನೆಕ್ಕಿ ನೆಕ್ಕಿ ಆಚೆ ತಳ್ಳುತ್ತಿತ್ತು.

"ಕೂಸೆ, ನೋಡು, ಮೆಟ್ಲು ಹತ್ತಲೆ ಆಗ್ತಾ ಇಲ್ಲೆ ಅದಕ್ಕೆ" ಎಂದರು ಆಯಿ. "ನಂಗಿಂತ ಮುದಿ ಆತು ಅದು."

ಜೂನ್ ಮೊದಲ ವಾರ ತಾಲೂಕಿನ ಪಶು ಆಸ್ಪತ್ರೆಗೆ ರಿಕ್ಷಾದಲ್ಲಿ ಕರೆದುಕೊಂಡು ಹೋದೆವು. ಅಲ್ಲಿ ಎಮ್ಮೆ, ದನಗಳ ನಡುವೆ ಮೋತಿಯೊಂದೇ ನಾಯಿ. ಡಾಕ್ಟರು ಸೊಂಟದ ಸಂದನ್ನು ಮೆಲ್ಲಗೆ ತಿರುಗಿಸಿ ನೋಡಿ, ಸವೆದಿದೆ, ವಾಸಿಯಾಗುವಂಥದ್ದಲ್ಲ, ಆದರೆ ನೋವು ಕಡಿಮೆ ಮಾಡಬಹುದು ಎಂದರು. ಬಿಳಿ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ಅರ್ಧ, ಹೊಟ್ಟೆ ತುಂಬಿದ ಮೇಲೆ, ಹತ್ತು ದಿನ.

"ಎಂತ ತಿಂತದೆ?" ಎಂದು ಕೇಳಿದರು.

"ಅನ್ನ, ಮಜ್ಜಿಗೆ. ಒಂದೊಂದಿನ ಹಾಲು" ಎಂದರು ಆಯಿ.

"ಮತ್ತೆ?"

"ಮತ್ತೆ ಎಂತದೂ ಇಲ್ಲ."

ನಾನು ಕಿಟಕಿಯ ಆಚೆ ನೋಡಿ ನಗು ತಡೆದುಕೊಂಡೆ. ಡಾಕ್ಟರು ಗುಳಿಗೆಯ ಪಟ್ಟಿಯನ್ನು ನನ್ನ ಕೈಗೆ ಕೊಡುತ್ತ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಬೇರೆ ಯಾವ ನೋವಿನ ಗುಳಿಗೇನೂ ಕೊಡಬೇಡಿ. ಊಟ ಬಿಟ್ಟರೆ, ಮಲ ಕಪ್ಪಾದರೆ, ಕೂಡಲೇ ನಿಲ್ಲಿಸಿ ಬನ್ನಿ." ಎರಡನ್ನೂ ಅವರು ಸ್ಪಷ್ಟವಾಗಿಯೇ ಹೇಳಿದ್ದರು.

ಮೂರನೆಯ ದಿನ ಸಂಜೆ ನಾನು ಬಸ್ಸಿಳಿದು ಬಂದರೆ ಮೋತಿ ಓಣಿಯ ತಿರುವಿನಲ್ಲಿ ನಿಂತಿತ್ತು! ನಾನು ರಸ್ತೆಯಲ್ಲೇ ಕುಳಿತು ಅದನ್ನು ತಬ್ಬಿಕೊಂಡೆ. ಅರ್ಧ ಗುಳಿಗೆ. ನನ್ನ ಉಗುರಿನಷ್ಟೂ ಇಲ್ಲ. ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಇಳಿದು, ಇಷ್ಟು ದೊಡ್ಡ ಪ್ರಾಣಿಯ ಸೊಂಟವನ್ನು ಹುಡುಕಿಕೊಂಡು ಹೋಗಿ ನೋವನ್ನು ಆರಿಸಿ ಬರುತ್ತದಲ್ಲ ಎಂದು ಬೆರಗಾಗಿತ್ತು. ಆಯಿ ಸಂತೋಷಕ್ಕೆ ಇಡಗುಂಜಿ ಗಣಪತಿಗೆ ಪಂಚಕಜ್ಜಾಯ ಹೇಳಿಕೊಂಡರು. ಪಾಗಾರದಾಚೆ ದೇವಕಿಯೂ ಖುಷಿಯಲ್ಲಿದ್ದಳು. "ಸಾವ್ಕಾರ್ರು ಕುದುರೆ ಆಗ್ಯಾರೆ ತಂಗಿ, ಕಂಡ್ರ್ಯ?" ಎಂದು ಹೆಮ್ಮೆಯಿಂದ ನಕ್ಕಳು. ಆ ಹೆಮ್ಮೆ ನನಗೆ ಸ್ವಲ್ಪ ಹೆಚ್ಚಾಗಿಯೇ ಕಂಡಿತು. ಇವಳಿಗೇಕೆ ಇಷ್ಟು ಹೆಮ್ಮೆ ಎಂದು ಕೇಳಿಕೊಳ್ಳಲಿಲ್ಲ.

ಈಗ ಆ ಬುಧವಾರಕ್ಕೆ ಬರಬೇಕು. ಗುಳಿಗೆ ಶುರುವಾಗಿ ಏಳನೆಯ ದಿನ.

ನಮ್ಮ ಬಾವಿಯ ಬದಿಯಲ್ಲಿ ದೊಡ್ಡ ನೇರಳೆ ಮರವಿದೆ. ಮಳೆ ಹಿಡಿಯುವ ಹೊತ್ತಿಗೆ ಹಣ್ಣು ರಪರಪ ಉದುರಿ ಅಂಗಳವೆಲ್ಲ ನೀಲಿ ಕಲೆ. ಮೋತಿಗೆ ನೇರಳೆ ಅಂದರೆ ಪ್ರಾಣ. ಚಿಕ್ಕಂದಿನಿಂದಲೂ ಬಿದ್ದ ಹಣ್ಣನ್ನು ಒಂದೊಂದಾಗಿ ಆರಿಸಿ ತಿನ್ನುತ್ತಿತ್ತು. ಆ ತಿಂಗಳು ಅದರ ಮಲವೂ ಕಪ್ಪು. ಪ್ರತಿ ವರ್ಷ ನೋಡಿದ್ದೇ. ಬುಧವಾರ ಬೆಳಿಗ್ಗೆ ಸೀರೆಯ ನೆರಿಗೆ ಹಿಡಿದುಕೊಂಡು ಗೇಟಿನ ಕಡೆ ಓಡುವಾಗ ದಾಸವಾಳದ ಬುಡದಲ್ಲಿ ಅದು ಕಂಡಿತು. ಕಪ್ಪು. ಮಳೆಹನಿ ಬಿದ್ದು ಹೊಳೆಯುತ್ತಿತ್ತು. ಒಂದು ಕ್ಷಣ ಡಾಕ್ಟರ ಮಾತು ನೆನಪಾಯಿತು. ನೆನಪೇ ಆಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

"ಆಯಿ, ಮೋತೀದು ಕಪ್ಪು ಆಜು!" ಎಂದು ಕೂಗಿದೆ.

"ನೇರಳೆ ತಿಂದಿಕ್ಕು" ಎಂದರು ಆಯಿ ಒಳಗಿಂದ.

ನನಗೂ ಅದೇ ಉತ್ತರ ಬೇಕಿತ್ತು. ನೇರಳೆ ಆರಿಸಿ ತಿನ್ನುವಷ್ಟು ಹುಷಾರಾಗಿದೆ ಎಂದು ಖುಷಿಯೂ ಆಯಿತು. ಚಪ್ಪಲಿಗೆ ತಾಗದ ಹಾಗೆ ದಾಟಿಕೊಂಡು ಹೋದೆ. ಅವತ್ತು ಭಟ್ಕಳದಲ್ಲಿ ನನ್ನ ವಿದ್ಯಾರ್ಥಿಗಳಿಗೆ ಮೊದಲ ಪ್ರಯೋಗದ ತರಗತಿ. ಕೊಟ್ಟ ಲವಣ ಯಾವುದು ಎಂದು ಕಂಡುಹಿಡಿಯುವುದು. "ಬಣ್ಣ ಒಂದನ್ನೇ ನೋಡಿ ಹೆಸರು ಬರೆಯಬೇಡಿ. ಬಣ್ಣ ಮೋಸ ಮಾಡುತ್ತದೆ. ಇನ್ನೊಂದು ಪರೀಕ್ಷೆ ಮಾಡಿಯೇ ಬರೆಯಿರಿ" ಎಂದು ಮೂರು ಸಲ ಹೇಳಿದೆ.

ಗುರುವಾರ ಮೋತಿ ಅನ್ನ ಮೂಸಿ ಬಿಟ್ಟಿತು. ದೇವಕಿಯ ಮನೆಯಲ್ಲಿ ತಿಂದಿರಬೇಕು ಎಂದು ನಾವು ಮನಸ್ಸಿನಲ್ಲೇ ಅಂದುಕೊಂಡೆವು. ಬಾಯಿಬಿಟ್ಟು ಹೇಳಲಿಲ್ಲ. ಅಂದು ದೇವಕಿಯ ಹೊಸ್ತಿಲಲ್ಲೂ ಅದು ತಿನ್ನಲಿಲ್ಲವಂತೆ. ಅಮ್ಮನ ಮನೆಯಲ್ಲಿ, ಅಂದರೆ ನಮ್ಮಲ್ಲಿ, ಹೊಟ್ಟೆ ತುಂಬಿರಬೇಕು ಎಂದು ಅವಳು ಅಂದುಕೊಂಡಳಂತೆ. ಬೆಲ್ಲದಲ್ಲಿ ಸುತ್ತಿದ ಅರ್ಧ ಗುಳಿಗೆಯನ್ನು ಮಾತ್ರ ನಾವು ತಪ್ಪಿಸಲಿಲ್ಲ. ಖಾಲಿ ಹೊಟ್ಟೆಗೆ ಹಾಕಿದೆವು.

ಶುಕ್ರವಾರ ಬೆಳಿಗ್ಗೆ ಆಯಿ ಕೂಗಿದ ಕೂಗಿಗೆ ಹಲ್ಲುಜ್ಜುತ್ತಿದ್ದವಳು ಬ್ರಶ್ ಬಿಸಾಡಿ ಓಡಿದೆ. ಜಗುಲಿಯಲ್ಲಿ ಮೋತಿ ವಾಂತಿ ಮಾಡಿಕೊಂಡು ಅದರ ಪಕ್ಕದಲ್ಲೇ ಮಲಗಿತ್ತು. ಕಾಫಿಪುಡಿಯನ್ನು ನೀರಿಗೆ ಕದಡಿ ಚೆಲ್ಲಿದ ಹಾಗಿತ್ತು. ಅದು ಎದ್ದು ದೂರ ಹೋಗಲೂ ನೋಡಿರಲಿಲ್ಲ. ಹತ್ತು ವರ್ಷದಲ್ಲಿ ಒಮ್ಮೆಯೂ ಮನೆಯೊಳಗೆ ಹೊಲಸು ಮಾಡದ ನಾಯಿ. ಆಯಿ ಅದರ ತುಟಿ ಎತ್ತಿ ನೋಡಿದರು.

"ಕೂಸೆ, ವಸಡು ನೋಡು. ಬೆಳ್ಳಗೆ ಆಗೋಜು."

ಸುಲಿದ ಹಲಸಿನ ಬೀಜದ ಬಣ್ಣ. ನಾನು ಬೆರಳಿಟ್ಟು ಒತ್ತಿದೆ. ತಣ್ಣಗಿತ್ತು. ಆಗ, ಆ ಕ್ಷಣಕ್ಕೆ ದಾಸವಾಳದ ಬುಡ ಕಣ್ಣ ಮುಂದೆ ಬಂತು.

ಪಕ್ಕದ ಓಣಿಯ ಬೂತಿನಿಂದ ಆಸ್ಪತ್ರೆಗೆ ಫೋನು ಮಾಡಿದೆ. ಡಾಕ್ಟರು ಬೆಳಿಗ್ಗೆಯೇ ಒಂದು ಹಳ್ಳಿಗೆ ದನದ ಹೆರಿಗೆಗೆ ಹೋಗಿದ್ದರು. ಯಾವಾಗ ಬರುತ್ತಾರೋ ಗೊತ್ತಿಲ್ಲ. ಫೋನು ಎತ್ತಿದವರು, ಕುಮಟೆಯಲ್ಲಿ ನಿವೃತ್ತರಾದ ಒಬ್ಬ ಡಾಕ್ಟರು ಮನೆಯಲ್ಲೇ ನಾಯಿ ನೋಡುತ್ತಾರೆ, ಹೊರಡಿ, ಕಾಯಬೇಡಿ ಎಂದು ದಾರಿ ಹೇಳಿದರು. ಯಾರೋ ಏನೋ, ಅವರ ಹೆಸರೂ ಕೇಳಲಿಲ್ಲ. ಅವರ ಆ "ಕಾಯಬೇಡಿ" ಎಂಬ ಮಾತಿಗೆ ನಾನು ಋಣಿ.

ಬಸ್ಸಿಗೆ ನಾಯಿ ಹತ್ತಿಸುವುದಿಲ್ಲ. ರಿಕ್ಷಾದವನು ಕುಮಟೆಯವರೆಗೆ ಬರುವುದಿಲ್ಲ ಎಂದ. ಅಷ್ಟರಲ್ಲಿ ದೇವಕಿ ಪಾಗಾರದ ಸಂದಿಯಲ್ಲಿ ನುಸುಳಿ ಬಂದಿದ್ದಳು. ಮೋತಿಯನ್ನು ನೋಡಿದವಳೇ ತಿರುಗಿ ಓಡಿದಳು. ಐದು ನಿಮಿಷಕ್ಕೆ ಅವಳ ತಮ್ಮ ಗಣಪು ತನ್ನ ಟೆಂಪೋ ತಂದು ನಿಲ್ಲಿಸಿದ. ಬಂದರಿನಿಂದ ಮೀನಿನ ಪೆಟ್ಟಿಗೆ ಸಾಗಿಸುವ ಟೆಂಪೋ. ಮಳೆಗಾಲಕ್ಕೆಂದು ಕಡಲ ದೋಣಿಗಳನ್ನೆಲ್ಲ ದಡಕ್ಕೆ ಎಳೆದ, ಹೊಳೆ ಮೀನು ಮಾತ್ರ ಸಿಗುವ ದಿನಗಳಾದ್ದರಿಂದ ಅದು ಸುಮ್ಮನೆ ನಿಂತಿತ್ತು.

ಹಿಂದೆ ಗೋಣಿ ಹಾಸಿ ಮೋತಿಯನ್ನು ಮಲಗಿಸಿದೆವು. ಆಯಿ ಮುಂದೆ ಕೂರುತ್ತಾರೆ ಎಂದುಕೊಂಡಿದ್ದೆ. ಅವರು ಸೀರೆ ಎತ್ತಿ ಕಟ್ಟಿ ಹಿಂದೆಯೇ ಹತ್ತಿ, ಮೋತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ದೇವಕಿ ಕಾಲಿನ ಬದಿಗೆ ಕುಳಿತಳು.

"ಅಮ್ಮ, ವಾಸ್ನೆ ಬತ್ತದೆ, ಮುಂದೆ ಬನ್ನಿ" ಎಂದ ಗಣಪು.

"ನಿನ್ನ ಗಾಡಿ ವಾಸನೆ ನೋಡೂಕೆ ಬಂದದ್ದಲ್ಲ ನಾನು. ನೀನು ಹೊಡಿ."

ಆ ಇಪ್ಪತ್ತು ಕಿಲೋಮೀಟರ್ ದಾರಿಯಲ್ಲಿ ನಾನು ಮೋತಿಯ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಿದ್ದೆ. ಹೊಂಡ ಬಂದಾಗಲೆಲ್ಲ ಎಣಿಕೆ ತಪ್ಪುತ್ತಿತ್ತು. ಮತ್ತೆ ಒಂದರಿಂದ ಶುರು. ದೇವಕಿ ಎರಡು ಸಲ ಏನೋ ಹೇಳಲು ಬಾಯಿ ತೆರೆದು ಆಯಿಯ ಮುಖ ನೋಡಿ ಮುಚ್ಚಿಕೊಂಡಳು. ಭಯಕ್ಕೆ ಎಂದುಕೊಂಡೆ. ಭಯಕ್ಕೇ. ಆದರೆ ಯಾವ ಭಯ ಎಂದು ಆಗ ಗೊತ್ತಾಗಲಿಲ್ಲ.

ಡಾಕ್ಟರ ಮನೆಯ ಜಗುಲಿಯೇ ಅವರ ದವಾಖಾನೆ. ಎರಡು ಬೆಂಚು, ಒಂದು ಹಳೆಯ ಮೇಜು, ಗೋಡೆಯಲ್ಲಿ ಕ್ಯಾಲೆಂಡರ್. ಬಾಡದಿಂದ ಆಡು ತಂದಿದ್ದ ಒಬ್ಬ ಹೆಂಗಸು, ಕತಗಾಲದಿಂದ ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದ ಒಬ್ಬ ಮುದುಕ ನಮಗಿಂತ ಮೊದಲೇ ಕಾದು ಕುಳಿತಿದ್ದರು. ಮೋತಿಯನ್ನು ಎತ್ತಿ ತಂದದ್ದು ನೋಡಿ ಬಾಡದ ಹೆಂಗಸು ಎದ್ದು, ಆಡಿಗೆ ಹಾಸಿದ್ದ ಒಣ ಗೋಣಿಯನ್ನು ಎಳೆದು ನಮ್ಮ ಮುಂದೆ ಹಾಸಿದಳು. "ಆಡಿಗೆ ಬರೀ ನೆಲ ಸಾಕು. ನಿಮ್ದು ಮೊದ್ಲು ಹೋಗ್ಲಿ" ಎಂದಳು. ಬೆಕ್ಕಿನ ಮುದುಕ, "ಹೌದು ಹೌದು, ನಮ್ದಕ್ಕೆ ಅವಸ್ರ ಇಲ್ಲ, ಕಿವಿ ಹುಣ್ಣು ಅಷ್ಟೆ" ಎಂದ. ಒಳಗೆ ಚೀಲದಲ್ಲಿ ಬೆಕ್ಕು ಅದಕ್ಕೆ ಒಪ್ಪದೆ ಕಿರುಚುತ್ತಿತ್ತು.

ಡಾಕ್ಟರು ಬಂದರು. ತೆಳ್ಳನೆಯ ಮನುಷ್ಯ, ಪಂಚೆ, ಬನಿಯನ್, ಕತ್ತಿನಲ್ಲಿ ಸ್ಟೆತೋಸ್ಕೋಪು. ಕಣ್ಣು, ವಸಡು, ಹೊಟ್ಟೆ ನೋಡಿದರು. ನಾನು ಗುಳಿಗೆಯ ಪಟ್ಟಿ ಕೊಟ್ಟು, ಅರ್ಧರ್ಧ, ಒಂಬತ್ತು ದಿನ ಎಂದೆ.

"ಮಲ ಕಪ್ಪು ಇತ್ತ?"

"ಇತ್ತು. ನೇರಳೆ ಹಣ್ಣಿನದ್ದು ಅಂದುಕೊಂಡೆ."

ಅವರು ತಲೆಯೆತ್ತದೆ ಕೇಳಿದರು. "ಬಗ್ಗಿ ನೋಡಿದ್ರ? ನೇರಳೆ ತಿಂದದ್ದಾದ್ರೆ ಬೀಜ ಇರ್ತದೆ."

ಬೀಜ. ಅಷ್ಟೇ. ಪ್ರತಿ ವರ್ಷ ನೋಡಿದ್ದೆನಲ್ಲ, ಆ ಕಪ್ಪಿನಲ್ಲಿ ಇಡೀ ಇಡೀ ಬೀಜ ಎದ್ದು ಕಾಣುತ್ತಿತ್ತಲ್ಲ. ಬುಧವಾರದ್ದು ಡಾಂಬರಿನ ಹಾಗೆ ನುಣ್ಣಗಿತ್ತು. ನನ್ನ ಕಣ್ಣು ಅದನ್ನು ನೋಡಿತ್ತು. ನಾನು ನೋಡಿರಲಿಲ್ಲ.

ಡಾಕ್ಟರು ಪಟ್ಟಿಯನ್ನು ಮತ್ತೊಮ್ಮೆ ನೋಡಿದರು. "ಈ ತೂಕದ ನಾಯಿಗೆ ಇದು ಸರಿಯಾದ ಅಳತೆನೇ. ಒಂದೊಂದು ನಾಯಿಗೆ ಇಷ್ಟಕ್ಕೂ ಹೀಗಾಗ್ತದೆ, ಇಲ್ಲ ಅನ್ನೂದಿಲ್ಲ. ಆದ್ರೆ ಇದು ಜಾಸ್ತಿ ಕಾಣ್ತದೆ ನಂಗೆ. ಬೇರೆ ಗುಳಿಗೆ ಎಂತಾದ್ರೂ ಕೊಟ್ಟಿದ್ರ?"

"ಇಲ್ಲ."

"ಊಟ?"

"ಅನ್ನ, ಮಜ್ಜಿಗೆ" ಎಂದರು ಆಯಿ. ಹತ್ತು ವರ್ಷದ ಅಭ್ಯಾಸ, ತಾನಾಗಿಯೇ ಬಂತು.

"ಬೇರೆ ಎಲ್ಲಾದ್ರೂ ತಿಂತದಾ? ನಂಗೆ ಗೊತ್ತಾಗ್ಬೇಕು. ಇಲಿ ಪಾಷಾಣಕ್ಕೂ ಹೀಗೇ ರಕ್ತ ಹೋಗ್ತದೆ, ಅದಕ್ಕೆ ಔಷಧ ಬೇರೆ. ಗೊತ್ತಿಲ್ದೆ ಕೊಟ್ರೆ ಹೊತ್ತು ಹಾಳು."

ದೇವಕಿ ಮೆಟ್ಟಿಲ ಹತ್ತಿರ ಕಂಬಕ್ಕೆ ಒರಗಿ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಆಯಿ ಅವಳ ಕಡೆ ತಿರುಗಲಿಲ್ಲ. ಮೋತಿಯ ಬಿದ್ದ ಕಿವಿಯನ್ನು ಸವರುತ್ತ, ಡಾಕ್ಟರ ಮುಖ ನೋಡಿ ಹೇಳಿದರು.

"ಮೀನು ತಿಂತದೆ. ದಿನಾ ಮಧ್ಯಾಹ್ನ. ಮರಿ ಇದ್ದಾಗಿಂದ."

ಆ ಶಬ್ದ ಆಯಿಯ ಬಾಯಿಂದ ಮೋತಿಯ ವಿಷಯದಲ್ಲಿ ಬಂದದ್ದು ಹತ್ತು ವರ್ಷದಲ್ಲಿ ಅದೇ ಮೊದಲು. ದೇವಕಿ ಮೆಟ್ಟಿಲ ಮೇಲೆ ಕುಳಿತಳು.

"ಮೀನಿನೊಳಗೆ ಗುಳಿಗೆ ಇಟ್ಟಿದ್ದೆ ಅಮ್ಮ."

"ಎಂತ ಗುಳಿಗೆ?"

"ನನ್ದೇ. ಮಂಡಿನೋವಿಂದು. ಗುಲಾಬಿ ಬಣ್ಣದ್ದು. ಬುಟ್ಟಿ ಹೊತ್ತು ಹೊತ್ತು ನಂಗೆ ಕಾಲು ಮಡ್ಸೂಕೆ ಆಗ್ದಾಗ ಅದೇ ತಕಂಡು ಗುಣ ಆದದ್ದಲ್ದ? ಸಾವ್ಕಾರ ನನ್ನ ಹೊಸ್ತಿಲು ಹತ್ತೂಕೆ ಆಗ್ದೆ ಕೂತ್ಕಂಡು ನನ್ನ ಮುಖ ನೋಡ್ತು. ನಂಗೆ ಆದ ನೋವೇ ಅದಕ್ಕೂ ಅಂದೇಳಿ ದಿನಕ್ಕೆ ಅರ್ಧ ಹಾಕ್ದೆ. ನೀವು ಔಷಧಿ ಮಾಡ್ತಿದ್ರಿ ಅಂದೇಳಿ ನಂಗೆ ಗೊತ್ತಿಲ್ಲ ಅಮ್ಮ. ಹೇಳ್ವ ಅಂದ್ರೆ… ಮೀನಿನೊಳಗೆ ಹಾಕಿದ್ದು ಅಂದೇಳಿ ಹೆಂಗೆ ಹೇಳುದು?"

ಆಗ ಎಲ್ಲ ಅರ್ಥವಾಯಿತು. ನಾವು ಬೆಲ್ಲದಲ್ಲಿ ಅರ್ಧ, ಅವಳು ಮೀನಿನಲ್ಲಿ ಅರ್ಧ. ಮೂರನೆಯ ದಿನ ಮೋತಿ ತಿರುವಿಗೆ ಬಂದು ನಿಂತಾಗ ಎರಡು ಮನೆಯವರೂ ತಮ್ಮ ಗುಳಿಗೆಯದೇ ಗುಣ ಎಂದು ಒಳಗೊಳಗೇ ಬೀಗಿದ್ದೆವು. ನಾವು ಆಸ್ಪತ್ರೆಗೆ ಹೋದ ದಿನ ಅವಳು ಪೇಟೆಗೆ ಹೋಗಿದ್ದಳು. ಆಮೇಲೆ ಮಾತಿಗೆ ನಾವೇ ಹೇಳಬಹುದಿತ್ತು. ಆದರೆ ಮೋತಿಯ ಹೊಟ್ಟೆಗೆ ಏನು ಹೋಗುತ್ತದೆ ಎಂಬುದು ನಮ್ಮ ಎರಡು ಮನೆಗಳ ನಡುವೆ ಆಡದ ಮಾತು. ಅದನ್ನು ಆಡದೆ ಇರುವುದೇ ಸ್ನೇಹ ಎಂದು ನಾವೆಲ್ಲ ತಿಳಿದಿದ್ದೆವು.

ಆಯಿ ಏನು ಹೇಳುತ್ತಾರೋ ಎಂದು ನಾನು ಅವರ ಕಡೆ ತಿರುಗಿದೆ.

"ನಾನು ಹಾಕಬೇಡ ಅಂದದ್ದೇ ತಪ್ಪಾಯ್ತು" ಎಂದರು ಆಯಿ. "ಅಂದಿಲ್ದಿದ್ರೆ ನೀನು ಹೇಳ್ತಿದ್ದೆ."

ಡಾಕ್ಟರಿಗೆ ನಮ್ಮ ಪಂಚಾಯಿತಿಗೆ ಹೊತ್ತಿರಲಿಲ್ಲ. "ಗೊತ್ತಾಯ್ತಲ್ಲ, ಸಾಕು. ಇಲಿ ಪಾಷಾಣ ಅಲ್ಲ. ಹೊಟ್ಟೆ ಒಳಗೆ ಹುಣ್ಣಾಗಿ ರಕ್ತ ಹೋಗ್ತಾ ಅದೆ" ಎಂದು ಕೆಲಸಕ್ಕೆ ಇಳಿದರು. ಮುಂಗಾಲಿನ ಕೂದಲು ಕತ್ತರಿಸಿ ಸೂಜಿ ಹಾಕಿದರು. ಸಲಾಯಿನ್ ಬಾಟಲಿ ತೂಗುಹಾಕಲು ಜಾಗ ಸಿಗದೆ ಕ್ಯಾಲೆಂಡರ್ ತೆಗೆದು ಅದರ ಮೊಳೆಗೆ ಕಟ್ಟಿದರು. ಹೊಟ್ಟೆಯ ಹುಣ್ಣಿಗೆ ಒಂದು ಇಂಜೆಕ್ಷನ್. ಇವತ್ತು ಅನ್ನ ನೀರು ಏನೂ ಇಲ್ಲ. ನೋವಿನ ಗುಳಿಗೆ ಇನ್ನು ಮುಂದೆ ಇದರ ಹತ್ತಿರವೂ ಬರಬಾರದು.

"ಉಳೀತದಾ?" ದೇವಕಿ ಕೇಳಿದಳು.

"ಸಂಜೆವರೆಗೆ ನೋಡುವ. ಮತ್ತೆ ವಾಂತಿ ಆಗ್ದಿದ್ರೆ ಉಳಿಯೂ ಕಡೆಗೆ ಒಂದು ಹೆಜ್ಜೆ."

ನಾವು ಸಂಜೆಯವರೆಗೆ ಆ ಜಗುಲಿಯಲ್ಲಿ ಕುಳಿತೆವು. ಬಾಟಲಿಯಲ್ಲಿ ಹನಿ ಬೀಳುವುದನ್ನು ನೋಡುವುದು, ಮೋತಿಯ ಹೊಟ್ಟೆ ಏರಿಳಿಯುವುದನ್ನು ನೋಡುವುದು. ಅದು ಸ್ವಲ್ಪ ಮಿಸುಕಿದರೆ ಮೂವರೂ ಒಟ್ಟಿಗೆ ಬಗ್ಗುವುದು. ಮಧ್ಯಾಹ್ನ ಡಾಕ್ಟರ ಹೆಂಡತಿ ಮೂರು ಲೋಟ ಕೋಕಂ ಪಾನಕ ತಂದುಕೊಟ್ಟರು. ಅದರ ಕೆಂಪು ಬಣ್ಣ ನೋಡಿ ನಾನು ಲೋಟ ಕೆಳಗಿಟ್ಟೆ. ನನ್ನ ಲೋಟವನ್ನೂ ದೇವಕಿಯೇ ಕುಡಿದಳು. "ಅಳೂಕೂ ತ್ರಾಣ ಬೇಕಲ್ದ ತಂಗಿ" ಎಂದಳು. ಆ ಹೊತ್ತಿನಲ್ಲೂ ನಮಗೆ ನಗು ಬಂತು.

ಇಬ್ಬರು ರೋಗಿಗಳ ನಡುವೆ ಡಾಕ್ಟರು ಬಂದು ನಿಂತಾಗ ನಾನು ತಲೆಯೊಳಗೆ ಕೊರೆಯುತ್ತಿದ್ದುದನ್ನು ಕೇಳಿದೆ. ಸೊಂಟದ ನೋವಿಗೆ ಹೋದ ಗುಳಿಗೆ ಹೊಟ್ಟೆಯನ್ನು ಯಾಕೆ ಕೊರೆಯಿತು?

"ನೀವು ಪಾಠ ಮಾಡೂದಲ್ವಾ?" ಎಂದು ನಕ್ಕರು. "ಗುಳಿಗೆಗೆ ಸೊಂಟ ಯಾವುದು ಹೊಟ್ಟೆ ಯಾವುದು ಗೊತ್ತಿಲ್ಲ. ಮೈ ತುಂಬ ತಿರುಗ್ತದೆ. ಸಂದಿನಲ್ಲಿ ಯಾವುದು ನೋವು ಮಾಡ್ತದೋ, ಹೊಟ್ಟೆಯಲ್ಲಿ ಅದರದ್ದೇ ಅಣ್ಣತಮ್ಮಂದಿರು ಕಾವಲು ಕಾಯ್ತಾರೆ. ಗುಳಿಗೆ ಎಲ್ಲರನ್ನೂ ಮಲಗಿಸ್ತದೆ. ಸ್ವಲ್ಪ ಮಲಗಿಸಿದ್ರೆ ನಡೀತದೆ. ನೀವು ಎರಡು ಮನೆಯವರು ಸೇರಿ ಪೂರ್ತಿ ಮಲಗಿಸಿದ್ರಿ."

ನಾನು ಬೆರಗಾಗಿದ್ದು ಗುಳಿಗೆ ನೋವನ್ನು ಹುಡುಕಿಕೊಂಡು ಹೋಗುತ್ತದೆ ಎಂದು. ಅದು ಏನನ್ನೂ ಹುಡುಕುವುದಿಲ್ಲ. ಹುಡುಕಬೇಕಾದವರು ನಾವು.

ಸಂಜೆವರೆಗೆ ವಾಂತಿ ಆಗಲಿಲ್ಲ. ಬೆಳಕಿರುವಾಗಲೇ ಹೊನ್ನಾವರಕ್ಕೆ ಬಂದೆವು. ಮರುದಿನ, ಅದರ ಮರುದಿನ ಗಣಪುವಿನ ಟೆಂಪೋದಲ್ಲಿ ಮತ್ತೆ ಕುಮಟೆ, ಮತ್ತೆ ಅದೇ ಮೊಳೆ, ಅದೇ ಬಾಟಲಿ. ಎರಡನೆಯ ದಿನದಿಂದ ಗಂಜಿಯ ತಿಳಿ, ಗಂಟೆಗೊಮ್ಮೆ ಎರಡು ಚಮಚ. ಮೂರನೆಯ ದಿನ ಆಯಿ ತುಟಿ ಎತ್ತಿದಾಗ ವಸಡಿನ ಅಂಚಿಗೆ ಒಂದು ಗೆರೆಯಷ್ಟು ಕೆಂಪು. ಆ ಗೆರೆಯನ್ನು ನೋಡಲು ನಮ್ಮ ಓಣಿಯವರೆಲ್ಲ ಬಂದರು. ನಾನು ಕಾಲೇಜಿಗೆ ನಾಲ್ಕು ದಿನ ರಜೆ ಹಾಕಿದ್ದೆ. ಕಾರಣ ಬರೆಯುವಲ್ಲಿ "ಮನೆಯಲ್ಲಿ ಹಿರಿಯರಿಗೆ ಅನಾರೋಗ್ಯ" ಎಂದು ಬರೆದೆ. ಅದು ಸುಳ್ಳೆಂದು ನನಗೆ ಇವತ್ತಿಗೂ ಅನಿಸಿಲ್ಲ.

ಮೋತಿ ಉಳಿಯಿತು. ಸಂದುನೋವೂ ಉಳಿಯಿತು. ಗುಳಿಗೆಯಿಲ್ಲದೆ ಅದರ ಜೊತೆ ಬದುಕುವುದನ್ನು ಒಂದೊಂದಾಗಿ ಕಲಿತೆವು. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬೆಳಿಗ್ಗೆ ಸೊಂಟಕ್ಕೆ ಕಾವು ಕೊಡುವುದು ಆಯಿಯ ಕೆಲಸ. ಮೆಟ್ಟಿಲಿಗೆ ಗಣಪು ಹಳೆಯ ದೋಣಿಯ ಹಲಗೆ ತಂದು ಇಳಿಜಾರಾಗಿ ಹೊಡೆದುಕೊಟ್ಟ. ನುಣುಪಾದ ನೆಲದ ಮೇಲೆ ಗೋಣಿ. ದೇವಕಿ ತನ್ನ ಹೊಸ್ತಿಲಿಗೆ ಒಂದು ಕಲ್ಲಿಟ್ಟು ಎರಡು ಮೆಟ್ಟಿಲು ಮಾಡಿದಳು. "ಸಾವ್ಕಾರ್ರಿಗೆ ರಸ್ತೆ ಆತು" ಎಂದಳು. ಕೆಟ್ಟ ದಿನಗಳಿರುತ್ತಿದ್ದವು. ಮೋತಿ ಅರ್ಧ ಎದ್ದು ಕುಳಿತು ಸುತ್ತ ನೋಡುವ ದಿನಗಳು. ಆಗ ಗುಲಾಬಿ, ಬಿಳಿ, ಎರಡು ಗುಳಿಗೆಯೂ ಕಣ್ಣ ಮುಂದೆ ಬರುತ್ತಿದ್ದವು. ಕೈಯಲ್ಲಿ ಔಷಧವಿದ್ದೂ ಕೊಡದೆ ಪಕ್ಕದಲ್ಲಿ ಕುಳಿತಿರುವುದು ಕಷ್ಟ. ಅದನ್ನು ಯಾರೂ ಕಲಿಸುವುದಿಲ್ಲ.

ಪಾಗಾರದ ಮಾತು ಮಾತ್ರ ಪೂರ್ತಿ ಬದಲಾಯಿತು. ದಿನವೂ ಮಧ್ಯಾಹ್ನ ಆಯಿ ಅಡುಗೆಮನೆಯಿಂದ ಕೂಗಿ ಕೇಳುತ್ತಿದ್ದರು.

"ದೇವಕಿ, ಇವತ್ತು ಎಂತ ಹಾಕಿದ್ಯೆ ಅದಕ್ಕೆ?"

"ಕಾಣೆ ಮೀನು ಅಮ್ಮ. ಮುಳ್ಳು ತೆಗ್ದೆ, ಖಾರ ತೊಳ್ದೆ."

"ನಿನ್ನೆ ತಾರ್ಲೆ ಹಾಕಿದ್ದು ಜೀರ್ಣ ಆಗ್ಲಿಲ್ಲ ಅದಕ್ಕೆ. ಎಣ್ಣೆ ಜಾಸ್ತಿ ಅದ್ರಲ್ಲಿ."

ಮೀನು ಮುಟ್ಟದ ನನ್ನ ಆಯಿಗೆ ಒಂದು ವರ್ಷದಲ್ಲಿ ಯಾವ ಮೀನಿನಲ್ಲಿ ಎಣ್ಣೆ ಜಾಸ್ತಿ, ಯಾವುದರಲ್ಲಿ ಮುಳ್ಳು ಸಣ್ಣದು ಎಲ್ಲ ಬಾಯಿಪಾಠವಾಗಿತ್ತು.

ಮುಂದಿನ ವರ್ಷ ಮತ್ತೆ ಜೂನ್ ಬಂತು. ಮತ್ತೆ ನೇರಳೆ. ನಾನು ಮತ್ತೆ ಸೀರೆಯ ನೆರಿಗೆ ಹಿಡಿದು ಬಸ್ಸಿಗೆ ಓಡುತ್ತಿದ್ದೆ, ದಾಸವಾಳದ ಬುಡದಲ್ಲಿ ಮತ್ತೆ ಆ ಕಪ್ಪು. ಕಾಲು ನಿಂತುಹೋಯಿತು. ಆಚೆ ರಸ್ತೆಯಲ್ಲಿ ಬಸ್ಸಿನ ಹಾರ್ನ್. ಹೋಗಲಿ ಎಂದುಕೊಂಡೆ. ಚೀಲವನ್ನು ಕೆಳಗಿಟ್ಟು, ಒಂದು ಕಡ್ಡಿ ಮುರಿದುಕೊಂಡು, ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತೆ. ಜಗುಲಿಗೆ ಬಂದ ಆಯಿ ಕಂಬ ಹಿಡಿದು ನಿಂತರು. ಪಾಗಾರದ ಮೇಲೆ ದೇವಕಿಯ ತಲೆ ಕಂಡಿತು. ಮೋತಿ ಇಳಿಜಾರು ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಇಳಿದು ಬಂದು, ನಾನು ಏನು ಹುಡುಕುತ್ತಿದ್ದೇನೆ ಎಂದು ನನ್ನ ಭುಜದ ಮೇಲಿಂದ ಮೂಗು ಚಾಚಿತು.

ಕಡ್ಡಿಗೆ ಏನೋ ಗಟ್ಟಿಯಾದದ್ದು ತಾಗಿತು. ಬಿಡಿಸಿ ನೋಡಿದೆ. ಒಂದು. ಪಕ್ಕದಲ್ಲಿ ಇನ್ನೊಂದು.

"ಆಯಿ, ಬೀಜ ಇದ್ದು!"

ಆಯಿ ಅಲ್ಲಿಂದಲೇ ಪಾಗಾರದ ಕಡೆ ತಿರುಗಿ, ಓಣಿಗೆಲ್ಲ ಕೇಳುವಂತೆ ಕೂಗಿದರು.

"ದೇವಕಿ, ಬೀಜ ಅದ್ಯಂತೆ ಮಾರಾಯ್ತಿ! ಮಧ್ಯಾಹ್ನ ಮೀನು ಹಾಕು ಅದಕ್ಕೆ!"